ಗಂಟೆಗೆ ಇಪ್ಪತ್ತೇಳೂವರೆ ರೂಪಾಯಿ

ಹೋದ ತಿಂಗಳು ದೊಡ್ಡಪ್ಪನ ಮಗನ ಗೃಹಪ್ರವೇಶ ಇತ್ತು, ಕೆಂಗೇರಿಯ ಆಚೆ. ಎರಡನೇ ಪಂಕ್ತಿಗೆ ಕಾಯುತ್ತಾ ಕೂತಿದ್ದಾಗ ಅತ್ತಿಗೆ ಕಡೆಯ ಒಬ್ಬಳು ಹುಡುಗಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಬಿಕಾಂ ಎರಡನೇ ವರ್ಷ. "ಅಕ್ಕ, ನೀವು ಆಫೀಸಿನ ಜೊತೆ ಸೈಡಲ್ಲೂ ಏನೋ ಮಾಡ್ತೀರಂತೆ. ನಾನೂ ಏನಾದ್ರೂ ಕಲೀಬೇಕು. ಮೆಹಂದಿ ಕಲೀಲಾ, ಟ್ಯಾಲಿ ಕಲೀಲಾ, ಕೇಕ್ ಮಾಡೋದು ಕಲೀಲಾ?" ಅಂದಳು. ಟ್ಯಾಲಿ ಅಂದರೆ ಕಂಪ್ಯೂಟರಿನಲ್ಲಿ ವ್ಯಾಪಾರದ ಲೆಕ್ಕ ಬರೆಯುವ ಸಾಫ್ಟ್‌ವೇರ್. ನಾನು ತಕ್ಷಣ "ಟ್ಯಾಲಿ ಕಲಿ, ಎಲ್ಲಾದ್ರೂ ಉಪಯೋಗಕ್ಕೆ ಬರುತ್ತೆ" ಅಂದೆ. ಅಷ್ಟರಲ್ಲಿ ಎಲೆ ಹಾಕಿದರು, ಎದ್ದು ಹೋದೆವು. ಹೋಳಿಗೆ ತಿನ್ನುವಾಗಲೂ ಮೆಟ್ರೋದಲ್ಲಿ ವಾಪಸ್ ಬರುವಾಗಲೂ ಏನೋ ಚುಚ್ಚುತ್ತಿತ್ತು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ನನ್ನ ವಿಷಯದಲ್ಲಿ ಹಾಗೆ ನಡೆದೇ ಇರಲಿಲ್ಲ ಅಲ್ವಾ?

ಮೊದಲು ಈ ಪದದ ಬಗ್ಗೆ ಒಂದು ಮಾತು. ಸೈಡ್ ಇನ್‌ಕಮ್ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನೋಣ ಅಂತ ಬಹಳ ಸಲ ಯೋಚಿಸಿದ್ದೇನೆ. "ಮೇಲುಸಂಪಾದನೆ" ಅಂದರೆ ಗಿಂಬಳದ ವಾಸನೆ ಬರುತ್ತದೆ. "ಉಪಕಸುಬು" ಅಂದರೆ ಕೋಳಿ ಸಾಕಣೆ, ಜೇನು ಸಾಕಣೆ ನೆನಪಾಗುತ್ತದೆ. ನಮ್ಮಮ್ಮ ಮಾತ್ರ ಇಪ್ಪತ್ತು ವರ್ಷದಿಂದ ಅದನ್ನ "ಕೈಖರ್ಚಿಗೆ" ಅನ್ನುತ್ತಾ ಬಂದಿದ್ದಾಳೆ. ಆ ಕೈಖರ್ಚಿನಲ್ಲೇ ನನ್ನ ಕಾಲೇಜು ಫೀಸು ಹೋಗಿದೆ, ತಮ್ಮನ ಡಿಪ್ಲೊಮಾ ಹೋಗಿದೆ, ಒಂದು ಫ್ರಿಜ್ ಬಂದಿದೆ.

ಅಮ್ಮ ಕಟ್ಟೋದು ಸೀರೆಗೆ ಕುಚ್ಚು.

ದಿಂಬಿನ ಮೇಲೆ ಸೆರಗು

ಶ್ರೀನಗರದ ನಮ್ಮ ಮನೆಯಲ್ಲಿ ಹಾಲಿನ ಕಿಟಕಿ ಪಕ್ಕ ಅಮ್ಮನ ಜಾಗ. ತೊಡೆ ಮೇಲೆ ಒಂದು ಗಟ್ಟಿ ದಿಂಬು. ಅದಕ್ಕೆ ಸೆರಗನ್ನ ಪಿನ್ನಿನಿಂದ ಚುಚ್ಚಿ ನಿಲ್ಲಿಸುತ್ತಾಳೆ. ಅಂಚು ಮಡಚಿ, ಕ್ರೋಷಾ ಕಡ್ಡಿಯಲ್ಲಿ ಒಂದು ಸಾಲು ಬುನಾದಿ ಹಾಕಿ, ಅದರ ಮೇಲೆ ಕಮಾನು, ಕಮಾನಿಗೆ ಮಣಿ, ಮಣಿಯ ಕೆಳಗೆ ಕುಚ್ಚು. ಕುಚ್ಚಿನ ದಾರವನ್ನ ಯಾವುದೋ ಹಳೆ ಮದುವೆ ಪತ್ರಿಕೆಯ ಗಟ್ಟಿ ಕಾಗದಕ್ಕೆ ಸುತ್ತುತ್ತಾಳೆ. ಎಲ್ಲ ಕುಚ್ಚೂ ಒಂದೇ ಉದ್ದ ಬರಬೇಕಾದರೆ ಅದೇ ಅಳತೆಗೋಲು. ಒಂದು ಸೆರಗಿಗೆ ಐವತ್ತರ ಮೇಲೆ ಕುಚ್ಚು ಬರುತ್ತವೆ. ಎಲ್ಲಾ ಮುಗಿದ ಮೇಲೆ ಇಡ್ಲಿ ಪಾತ್ರೆಯ ಹಬೆಗೆ ಹಿಡಿದು, ಸುರುಟಿಕೊಂಡ ದಾರ ನೇರ ಮಾಡಿ, ಕತ್ತರಿಯಲ್ಲಿ ತುದಿ ಸಮ ಮಾಡಬೇಕು. ನೋಡಿದವರು "ಎಷ್ಟು ಚೆನ್ನಾಗಿದೆ" ಅನ್ನೋದು ಕೊನೆಯ ಈ ಹತ್ತು ನಿಮಿಷದ ಕೆಲಸವನ್ನ. ನಾನು ಏಳನೇ ಕ್ಲಾಸಿನಿಂದಲೇ ದಾರ ಸುತ್ತಿಕೊಡುತ್ತಿದ್ದೆ. ಪಿಯುಸಿ ಹೊತ್ತಿಗೆ ಸಾದಾ ಕುಚ್ಚು ಕಟ್ಟುವುದು ಬಂದಿತ್ತು. ಅದನ್ನ ಯಾವತ್ತೂ "ಕಲಿತದ್ದು" ಅಂತ ಅಂದುಕೊಂಡಿರಲಿಲ್ಲ. ಕಾಲೇಜು ಅರ್ಜಿಯಲ್ಲಿ ಹವ್ಯಾಸದ ಜಾಗದಲ್ಲಿ ಓದುವುದು, ಹಾಡು ಕೇಳುವುದು ಅಂತ ಬರೆದಿದ್ದೆ.

ಕೆಲಸ ಬರುತ್ತಿದ್ದದ್ದು ಮುಖ್ಯರಸ್ತೆಯ ಒಂದು ಮ್ಯಾಚಿಂಗ್ ಸೆಂಟರ್‌ನಿಂದ. ಬ್ಲೌಸ್ ಪೀಸು, ಫಾಲ್ಸು, ಜಿಗ್‌ಜಾಗ್, ಕುಚ್ಚು, ಎಲ್ಲ ಅವರೇ ಒಪ್ಪಿಕೊಳ್ಳುತ್ತಿದ್ದರು. ಕುಚ್ಚಿನ ಸೀರೆಗಳು ಕವರಿನಲ್ಲಿ ನಮ್ಮ ಮನೆಗೆ ಬರುತ್ತಿದ್ದವು.

2015ರಲ್ಲಿ ನನಗೆ ಕಾಸ್ಟ್ ಅಕೌಂಟಿಂಗ್ ಪರೀಕ್ಷೆ. ಹಿಂದಿನ ರಾತ್ರಿ ಕಾಸ್ಟ್ ಶೀಟ್ ಲೆಕ್ಕಗಳನ್ನ ಬಿಡಿಸುತ್ತಾ ಕೂತಿದ್ದೆ. ಎಕ್ಸ್ ಕಂಪನಿ, ವೈ ವಸ್ತು, ಕಚ್ಚಾ ಸಾಮಗ್ರಿ ಇಷ್ಟು, ಕೂಲಿ ಇಷ್ಟು, ಮೇಲ್ವೆಚ್ಚ ಇಷ್ಟು. ಅಮ್ಮ ಎದುರಿಗೆ ಟ್ಯೂಬ್‌ಲೈಟಿನ ಕೆಳಗೆ ಒಂದು ಮೆಂತ್ಯ ಹಸಿರು ರೇಷ್ಮೆ ಸೀರೆಗೆ ಮಣಿ ಕುಚ್ಚು ಹಾಕುತ್ತಿದ್ದಳು. ಟೀವಿಯಲ್ಲಿ ಧಾರಾವಾಹಿ. ನಿದ್ದೆ ಬರುತ್ತಿತ್ತು. ಎಕ್ಸ್ ಕಂಪನಿಯ ಜಾಗದಲ್ಲಿ ಸುಮ್ನೆ ತಮಾಷೆಗೆ "ಅಮ್ಮ ಅಂಡ್ ಕೋ" ಅಂತ ಬರೆದೆ. ಅಂಗಡಿಯವರು ಕೊಡೋದು 300. ದಾರ, ಮಣಿ ಅಮ್ಮನದೇ, 70. ಚಿಕ್ಕಪೇಟೆಗೆ ಹೋಗಿಬರುವ ಬಸ್ ಖರ್ಚನ್ನ ಹಂಚಿದರೆ ಸೀರೆಗೆ 10. ಉಳಿಯೋದು 220. ಸಮಯ? "ಅಮ್ಮಾ, ಇದಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ?" ಅಂದೆ. "ನಿನ್ನೆ ಮಧ್ಯಾಹ್ನ ಹಿಡಿದದ್ದು. ಎಂಟು ಗಂಟೆ ಅನ್ಕೋ." ಭಾಗಿಸಿದೆ. ಗಂಟೆಗೆ 27 ರೂಪಾಯಿ 50 ಪೈಸೆ.

ನಿದ್ದೆ ಹಾರಿಹೋಯಿತು.

ಹೇಳಿದಾಗ ಅಮ್ಮ ಕಡ್ಡಿ ನಿಲ್ಲಿಸದೆ ಕೇಳಿದಳು: "ಸರಿ, ನಿನ್ನ ಲೆಕ್ಕದಲ್ಲಿ ನಾನು ಧಾರಾವಾಹಿ ನೋಡಿದ್ದು ಎಲ್ಲಿದೆ? ನೀವಿಬ್ಬರೂ ಮನೇಲಿದ್ದಾಗ ನಾನೂ ಮನೇಲಿದ್ದದ್ದು ಎಲ್ಲಿದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಸ್ತಕದಲ್ಲಿ ಅದಕ್ಕೆ ಜಂಟಿ ವೆಚ್ಚ ಅಂತ ಹೆಸರಿದೆ. ಒಂದೇ ಕೆಲಸದಿಂದ ಎರಡು ಫಲ ಬಂದರೆ ಖರ್ಚನ್ನ ಎರಡಕ್ಕೂ ಹೇಗೆ ಹಂಚಬೇಕು ಅಂತ. ಪೆಟ್ರೋಲು ಡೀಸೆಲ್ಲಿಗೆ ಹಂಚಬಹುದು. ಧಾರಾವಾಹಿಗೆ ಎಷ್ಟು ಹಂಚಲಿ?

ಅಮ್ಮನ ಪ್ರಶ್ನೆ

ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಒಂದು ವಾರ ಬಿಟ್ಟು, ಸಾರಿಗೆ ಒಗ್ಗರಣೆ ಹಾಕುತ್ತಾ ಅಮ್ಮ ಕೇಳಿದಳು. "ಅವತ್ತು ಅದೇನೋ ಲೆಕ್ಕ ಹಾಕಿದ್ಯಲ್ಲ. ಮಣಿ ಇಲ್ಲದ ಸಾದಾ ಕುಚ್ಚಿಗೆ ಎಷ್ಟು ಬೀಳುತ್ತೆ?"

ಸಾದಾ ಕುಚ್ಚಿಗೆ ಅಂಗಡಿಯವರು ಕೊಡೋದು 120. ದಾರ, ಬಸ್ಸು ಎಲ್ಲ ಸೇರಿ 30 ಕಳೆದರೆ 90. ಅಮ್ಮನ ಕೈಗೆ ಅದು ಎರಡೇ ಗಂಟೆ ಕೆಲಸ. ಗಂಟೆಗೆ 45. ಅಂದರೆ ಎಲ್ಲರೂ ಹೊಗಳುವ, ಕಣ್ಣು ಉರಿಯುವ, ಕತ್ತು ಹಿಡಿಯುವ ಆ ಮಣಿ ಕುಚ್ಚಿಗಿಂತ ಏನೂ ಅಲ್ಲದ ಈ ಸಾದಾ ಕುಚ್ಚಿನಲ್ಲೇ ದುಡ್ಡು ಜಾಸ್ತಿ. ಒಂದು ಸೀರೆಗೆ ಎಷ್ಟು ಬಂತು ಅಂತ ನೋಡಿದರೆ 220 ದೊಡ್ಡದು. ಒಂದು ಗಂಟೆಗೆ ಎಷ್ಟು ಬಂತು ಅಂತ ನೋಡಿದರೆ 45 ದೊಡ್ಡದು. ಸಮಯವೋ ಸಾಮಗ್ರಿಯೋ, ಯಾವುದಕ್ಕೆ ಕೊರತೆ ಇದೆಯೋ ಅದರ ಲೆಕ್ಕದಲ್ಲಿ ಲಾಭ ನೋಡು ಅಂತ ನಮ್ಮ ಮೇಷ್ಟರು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ನಾನೂ ನೋಟ್ಸಿನಲ್ಲಿ ಎರಡು ಗೆರೆ ಎಳೆದಿದ್ದೆ. ಪರೀಕ್ಷೆಯಲ್ಲಿ ಯಂತ್ರದ ಗಂಟೆ, ಕಬ್ಬಿಣದ ಟನ್ನು ಅಂತ ಬರುತ್ತಿತ್ತು. ಅದು ಅಮ್ಮನ ಕತ್ತು, ಅಮ್ಮನ ಕಣ್ಣು ಅಂತ ಹೊಳೆದದ್ದು ಆ ಅಡುಗೆಮನೆಯಲ್ಲಿ.

ಇದನ್ನ ಡಿಗ್ರಿಯ ಮಹಿಮೆ ಅಂತ ಹೇಳೋಕೆ ನನಗೆ ಇಷ್ಟವಿಲ್ಲ. ನನ್ನ ಕ್ಲಾಸಿನ ಅರವತ್ತು ಜನಕ್ಕೂ ಆ ಸೂತ್ರ ಗೊತ್ತಿತ್ತು. ಪ್ರತಿ ವ್ಯವಹಾರವನ್ನ ಎರಡು ಕಡೆ ಬರೆಯುವ ಜೋಡಿ ಲೆಕ್ಕದ ಪದ್ಧತಿಯನ್ನ ಮೊದಲು ಅಚ್ಚು ಹಾಕಿಸಿದವನು ಲೂಕಾ ಪಾಚೋಲಿ, 1494ರಲ್ಲಿ, ಅಂತ ಎಲ್ಲರಿಗೂ ಬಾಯಿಪಾಠ. ನಾವು ಕೀಲಿ ಒತ್ತಿ ಕಲಿತ ಟ್ಯಾಲಿ ಕೂಡ ನಮ್ಮ ಬೆಂಗಳೂರಿನಲ್ಲೇ 1986ರಲ್ಲಿ ಶುರುವಾದ ಕಂಪನಿಯದು. ಇಷ್ಟೆಲ್ಲಾ ಗೊತ್ತಿದ್ದೂ, ನಮ್ಮಲ್ಲಿ ಮನೆಯಲ್ಲಿ ಹೂ ಕಟ್ಟುವ ತಾಯಿಯೋ ಆಟೋ ಓಡಿಸುವ ತಂದೆಯೋ ಇದ್ದ ಹುಡುಗ ಹುಡುಗಿಯರೆಲ್ಲ ಪರೀಕ್ಷೆಯಲ್ಲಿ ಎಕ್ಸ್ ಕಂಪನಿಯ ಲಾಭ ಕಂಡುಹಿಡಿದು ಮನೆಗೆ ಬರುತ್ತಿದ್ದೆವು. ಅಮ್ಮನಿಗಾದರೂ ಅಷ್ಟೇ. ಅಷ್ಟು ವರ್ಷ ಅದೇ ಕೆಲಸ ಮಾಡಿದ್ದಳು, ಲೆಕ್ಕದಲ್ಲಿ ಅವಳೇನೂ ದಡ್ಡಿಯಲ್ಲ, ಚೀಟಿ ದುಡ್ಡಿನ ಬಡ್ಡಿಯನ್ನ ಬಾಯಲ್ಲೇ ಹೇಳುತ್ತಾಳೆ. ಆದರೂ ಗಂಟೆಯಿಂದ ಭಾಗಿಸಿರಲಿಲ್ಲ. ತನ್ನ ಗಂಟೆಗೆ ಬೆಲೆ ಇದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಅಮ್ಮ ಹೋಗಿ ಮಣಿ ಕುಚ್ಚಿಗೆ 450 ಕೇಳಿದಳು. ಅಂಗಡಿಯವರು ನಕ್ಕರು. ಮೂರು ವಾರ ಒಂದೂ ಸೀರೆ ಬರಲಿಲ್ಲ. ಆ ಮೂರು ವಾರ ನಾನು ಮನೆಯಲ್ಲಿ ತಲೆ ಎತ್ತಿ ಓಡಾಡಲಿಲ್ಲ. ಕೊನೆಗೆ ಪಕ್ಕದ ಬೀದಿಯ ಆಂಟಿ ಒಬ್ಬರು ಮಗಳ ಮದುವೆಯ ಏಳು ಸೀರೆ ತಂದು ನೇರವಾಗಿ ನಮ್ಮ ಕೈಗೇ ಕೊಟ್ಟರು. ಅವರ ಕಡೆಯಿಂದ ಅವರ ಅಪಾರ್ಟ್‌ಮೆಂಟಿನ ನಾದಿನಿ, ನಾದಿನಿಯ ಸ್ನೇಹಿತೆಯರು. ನಾನು ಫೋಟೊ ತೆಗೆದು ವಾಟ್ಸಾಪಿನಲ್ಲಿ ಹಾಕತೊಡಗಿದೆ. ಮಣಿ ಕುಚ್ಚಿಗೆ 750 ಅಂತ ಗಟ್ಟಿಯಾಗಿ ಬರೆದೆವು. ಅದೇ 80 ಕಳೆದು 670. ಎಂಟರಿಂದ ಭಾಗಿಸಬೇಡಿ, ಒಂಬತ್ತರಿಂದ ಭಾಗಿಸಿ. ಅಂಗಡಿಯವರ ಮೂಲಕ ಬರುವಾಗ ಇಲ್ಲದಿದ್ದ ಒಂದು ಗಂಟೆ ಮಾತು ಈಗ ಪ್ರತಿ ಸೀರೆಗೂ ಅಂಟಿಕೊಂಡಿದೆ. ಬಣ್ಣ ಇದು ಬೇಡ ಅದು, ಶುಕ್ರವಾರವೇ ಬೇಕು, ಫೋಟೊದಲ್ಲಿ ಇದ್ದಹಾಗಿಲ್ಲ. ಗಂಟೆಗೆ 74 ಬಿತ್ತು. ಮಧ್ಯವರ್ತಿ ಸುಮ್ನೆ ತಿನ್ನುತ್ತಾನೆ ಅಂತ ಬೈಯುವವರು ಆ ಒಂದು ಗಂಟೆ ಮಾತಾಡಿ ನೋಡಬೇಕು.

ಮ್ಯಾಚಿಂಗ್ ಮಾಡೋದು

ಕೈಕೆಲಸ ಅಂದರೆ ಬರೀ ಕೈಯ ಕೆಲಸ ಅಂತ ನಾನೂ ಅಂದುಕೊಂಡಿದ್ದೆ. ಅಮ್ಮನ ಜೊತೆ ಚಿಕ್ಕಪೇಟೆ, ಮಾಮೂಲ್‌ಪೇಟೆಗೆ ದಾರ ತರಲು ಹೋಗತೊಡಗಿದ ಮೇಲೆ ಅದು ಬಿಟ್ಟುಹೋಯಿತು. ಅಂಗಡಿಯ ಲೈಟಿನಲ್ಲಿ ಬಣ್ಣ ನೋಡಿದರೆ ಮೋಸ ಹೋಗುತ್ತೇವೆ. ಸೀರೆಯ ತುದಿಯನ್ನೂ ದಾರದ ಉಂಡೆಯನ್ನೂ ಹಿಡಿದುಕೊಂಡು ರಸ್ತೆಗೆ ಬಂದು, ಗಾಡಿ, ಹಮಾಲರು, ಹಸು ಎಲ್ಲರ ನಡುವೆ ನಿಂತು, ಬಿಸಿಲಿನಲ್ಲಿ ನೋಡಬೇಕು. ಅಡ್ಡ ಎಳೆ ಒಂದು ಬಣ್ಣ, ಉದ್ದ ಎಳೆ ಇನ್ನೊಂದು ಬಣ್ಣ ಇರುವ ಸೀರೆಗಳಂತೂ ತಿರುಗಿಸಿದ ಹಾಗೆ ಬಣ್ಣ ಬದಲಾಯಿಸುತ್ತವೆ. ಅದಕ್ಕೆ ಎರಡು ದಾರ ಸೇರಿಸಿ ಕುಚ್ಚು ಸುತ್ತಬೇಕು. ಇದನ್ನ ಅಮ್ಮ ನನಗೆ ಬಾಯಲ್ಲಿ ಹೇಳಲಿಲ್ಲ. ನಾನು ತಪ್ಪು ತಂದಾಗ ವಾಪಸ್ ಕಳಿಸಿದಳು, ಅಷ್ಟೇ. ನಾಲ್ಕು ಸಲ ಬಿಸಿಲಲ್ಲಿ ವಾಪಸ್ ಹೋದ ಮೇಲೆ ಕಣ್ಣಿಗೆ ಬಂತು.

ಹಾಗಾಗಿ "ಡಿಗ್ರಿ ಜೊತೆ ಒಂದು ಸ್ಕಿಲ್ ಇಟ್ಕೊಳ್ಳಿ" ಅಂತ ಜನ ಹೇಳುವಾಗ, ಮೊಬೈಲಿಗೆ ಕವರ್ ಹಾಕಿಕೊಂಡ ಹಾಗೆ ಹೇಳುತ್ತಾರಲ್ಲ, ಅದು ನನಗೆ ಹಿಡಿಸೋದಿಲ್ಲ. ಸರ್ಕಾರಗಳೂ ಹಾಗೇ ಮಾಡಿ ನೋಡಿವೆ. 2021ರಲ್ಲಿ ಕರ್ನಾಟಕದಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, ಅದರಲ್ಲಿ ಕೌಶಲ್ಯದ ಪೇಪರ್‌ಗಳೂ ಬಂದವು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸ್. ಪೇಪರ್ ಬರುತ್ತೆ, ಪೇಪರ್ ಹೋಗುತ್ತೆ. ಇದಕ್ಕಿಂತ ನನಗೆ ಸರಿ ಅನ್ನಿಸಿದ್ದು ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ರುಡ್‌ಸೆಟಿಯವರ ದಾರಿ. 1982ರಲ್ಲಿ ಉಜಿರೆಯಲ್ಲಿ ಶುರುವಾದದ್ದು, ನಮ್ಮ ಕಡೆ ನೆಲಮಂಗಲದ ಹತ್ತಿರ ಅರಿಶಿನಕುಂಟೆಯಲ್ಲೂ ಇದೆ. ಅಲ್ಲಿ ಟೈಲರಿಂಗೋ ಮೊಬೈಲ್ ರಿಪೇರಿಯೋ ಕಲಿಸುವಾಗ ಅದರ ಜೊತೆಗೇ ಬ್ಯಾಂಕಿನ ವ್ಯವಹಾರ, ಲೆಕ್ಕ ಇಡೋದನ್ನೂ ಹೇಳಿಕೊಡುತ್ತಾರೆ. ಊಟ, ವಸತಿಯೂ ಉಚಿತ. ಬಿಕಾಂ ಓದಿದವರು ಅಲ್ಲಿಗೆ ಹೋಗಲು ನಾಚುತ್ತಾರೆ. ನಾನೂ ನಾಚಿಕೊಂಡವಳೇ, ಹೋಗಲಿಲ್ಲ.

2016ರಲ್ಲಿ ಪೀಣ್ಯದ ಒಂದು ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಸೇರಿದೆ. ಅಲ್ಲೇ ಇದ್ದೇನೆ. ನೇಮಕಾತಿ ಪತ್ರದಲ್ಲಿ "ಬೇರೆ ಯಾವುದೇ ಉದ್ಯೋಗ ಮಾಡಬಾರದು" ಅನ್ನೋ ಸಾಲಿತ್ತು. ಮೂರು ವರ್ಷ ಅದನ್ನ ನೋಡದ ಹಾಗೆ ಇದ್ದೆ, ಆಮೇಲೆ ಭಯವಾಗಿ ಬರವಣಿಗೆಯಲ್ಲಿ ಅನುಮತಿ ಕೇಳಿದೆ. ಮ್ಯಾನೇಜರ್ ಓದಿ, "ಕುಚ್ಚಾ?" ಅಂದು ಸಹಿ ಹಾಕಿದರು. ಮುಂದಿನ ವಾರ ಅವರ ಹೆಂಡತಿಯ ಎರಡು ಸೀರೆ ಬಂದವು. ಇನ್ನೊಂದು, ಸಂಬಳದ ಜೊತೆ ಇಂಥ ವ್ಯಾಪಾರದ ಆದಾಯವೂ ಇದ್ದರೆ ಆದಾಯ ತೆರಿಗೆ ವಿವರ ಸಲ್ಲಿಸುವಾಗ ಐಟಿಆರ್-1 ನಮೂನೆ ಹಾಕುವ ಹಾಗಿಲ್ಲ. ನಮ್ಮಂಥ ಸಣ್ಣವರಿಗೆ ಐಟಿಆರ್-4, ಸುಗಮ್ ಅಂತ ಹೆಸರು. ಹೆಸರಿನಷ್ಟು ಸುಗಮ ಅಲ್ಲ, ಆದರೆ ಆಗುತ್ತೆ.

ಎಷ್ಟಾಯ್ತು ಹೇಳಮ್ಮ

ಈಗ ನನ್ನ ಮರ್ಯಾದೆ ಹೋದ ಕಥೆ.

2025ರ ಜುಲೈ. ಆಷಾಢ. ನಮಗೆ ಅದು ಸುಗ್ಗಿ. ಆಷಾಢದ ಸೇಲ್‌ನಲ್ಲಿ ಸೀರೆ ತಗೊಂಡವರೆಲ್ಲ ವರಮಹಾಲಕ್ಷ್ಮಿ ಹಬ್ಬಕ್ಕೆ ಕುಚ್ಚು ಹಾಕಿಸುತ್ತಾರೆ. ಅದೇ ಹೊತ್ತಿಗೆ ಊರೆಲ್ಲ ಯುಪಿಐ ಗಲಾಟೆ. 2021-22ರಿಂದ ನಾಲ್ಕು ವರ್ಷದ ಯುಪಿಐ ಜಮೆ ನೋಡಿ ಸಣ್ಣ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಿತ್ತು. ಬೇಕರಿ, ಕಾಂಡಿಮೆಂಟ್ಸು, ಟೀ ಅಂಗಡಿಗಳಲ್ಲಿ ಕ್ಯೂಆರ್ ಬೋರ್ಡ್ ಮಾಯವಾಗಿ "ನೋ ಯುಪಿಐ, ಓನ್ಲಿ ಕ್ಯಾಶ್" ಅಂತ ಕಾಗದ ಅಂಟಿಕೊಂಡಿತು. ನಮ್ಮ ಬೀದಿ ತುದಿಯ ಕಾಂಡಿಮೆಂಟ್ಸ್ ಅಂಕಲ್ ಒಂದು ಸಂಜೆ ಹಾಲಿನ ಕ್ರೇಟಿನ ಮೇಲೆ ಕೂತು, ನನ್ನ ಕೈಗೆ ಕಾಗದ ಕೊಟ್ಟು "ನೀನು ಅಕೌಂಟ್ಸಲ್ಲಿ ಅಲ್ವಾ, ಓದಿ ಹೇಳಮ್ಮ" ಅಂದರು. ಕೈ ನಡುಗುತ್ತಿತ್ತು.

ಮೂರು ಭಾನುವಾರ ಅವರ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಕೂತೆ. ಬ್ಯಾಂಕ್ ಸ್ಟೇಟ್‌ಮೆಂಟು, ಮೂರು ಬಣ್ಣದ ಪೆನ್ನು. ಅವರ ಖಾತೆಗೆ ಬಂದದ್ದೆಲ್ಲ ವ್ಯಾಪಾರದ ದುಡ್ಡಲ್ಲ. ಚೀಟಿ ಎತ್ತಿದ ದುಡ್ಡು ಅದಕ್ಕೇ ಬಂದಿದೆ, ಭಾವಮೈದ ವಾಪಸ್ ಕೊಟ್ಟ ಸಾಲ ಅದಕ್ಕೇ ಬಂದಿದೆ, ಮಗಳು ಕಳಿಸಿದ ಆಸ್ಪತ್ರೆ ಖರ್ಚೂ ಅದಕ್ಕೇ. ಅವೆಲ್ಲ ಕೆಂಪು. ಹಾಲು, ಬ್ರೆಡ್ಡು ಮಾರಿದ್ದು ಹಸಿರು. ಇಲ್ಲೊಂದು ತಿರುವು ಇದೆ, ಬಹಳ ಜನ ಎಡವೋದು ಇಲ್ಲೇ. ಹಾಲು, ಬ್ರೆಡ್ಡಿಗೆ ಜಿಎಸ್‌ಟಿ ಇಲ್ಲ, ಸರಿ. ಆದರೆ ನೋಂದಣಿಗೆ 40 ಲಕ್ಷದ ಮಿತಿ ದಾಟಿತಾ ಅಂತ ನೋಡುವಾಗ, ತೆರಿಗೆ ಇರುವ ಸರಕನ್ನೂ ಮಾರುವ ಅಂಗಡಿಗೆ ಹಾಲಿನ ವ್ಯಾಪಾರವೂ ಲೆಕ್ಕಕ್ಕೆ ಸೇರುತ್ತದೆ. ಬರೀ ಹಾಲು, ಬರೀ ತರಕಾರಿ ಮಾರುವವನಿಗೆ ನೋಂದಣಿಯೇ ಬೇಡ. ಪಕ್ಕದಲ್ಲಿ ಬಿಸ್ಕತ್ತು, ಸಿಗರೇಟು ಇಟ್ಟರೆ ಕಥೆ ಬೇರೆ. ಜೊತೆಗೆ ನಗದಿನ ವ್ಯಾಪಾರ ಯುಪಿಐನಲ್ಲಿ ಕಾಣದಿದ್ದರೂ ಅದೂ ವ್ಯಾಪಾರವೇ. ಎಲ್ಲ ಕೂಡಿಸಿದರೆ ಅಂಕಲ್ ಕಳೆದ ಎರಡು ವರ್ಷ ಮಿತಿ ದಾಟಿದ್ದರು. ಆದರೆ ನೋಟಿಸಿನಲ್ಲಿದ್ದಷ್ಟಂತೂ ಅಲ್ಲವೇ ಅಲ್ಲ. ಅದನ್ನ ಅವರಿಗೆ ಹೇಳೋದೇ ಕಷ್ಟವಾಯಿತು. ಲೆಕ್ಕ ಮಾಡಿದ್ದಕ್ಕಿಂತ ಜಾಸ್ತಿ ಹೊತ್ತು ಅದನ್ನ ಹೇಳೋಕೆ ಹಿಡಿಯಿತು. ಅವರ ವ್ಯಾಪಾರದ ಮಾತಿನಲ್ಲೇ ಹೇಳಬೇಕಿತ್ತು. ನಾನು ದಾರ ಕೊಳ್ಳಲು ಹೋಗಿ, ಗಿರಾಕಿಗಳ ಹತ್ತಿರ ಚೌಕಾಸಿ ಮಾಡಿ ಕಲಿತ ಮಾತು ಅಲ್ಲಿ ಕೆಲಸಕ್ಕೆ ಬಂತು. ಬಿಕಾಂ ಮಾತಾಡಿದ್ದರೆ ಅವರು ಎದ್ದು ಹೋಗುತ್ತಿದ್ದರು.

ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿ, ಹಳೆ ಬಾಕಿ ವಸೂಲಿ ಮಾಡೋದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಅಂದರು. ನನ್ನ ಪಟ್ಟಿ ಹಿಡಿದು ಅಂಕಲ್ ಪರಿಚಯದ ಸಿಎ ಹತ್ತಿರ ಹೋಗಿ ಉತ್ತರ ಹಾಕಿಸಿದರು, ಸಣ್ಣ ವ್ಯಾಪಾರಿಗಳು ಸರಳವಾಗಿ ತೆರಿಗೆ ಕಟ್ಟಲು ಇರುವ ಕಾಂಪೊಸಿಷನ್‌ನಲ್ಲಿ ನೋಂದಣಿಯೂ ಆಯಿತು. ವಾಪಸ್ ಬಂದವರು ನಮ್ಮ ಗೇಟಿನ ಹತ್ತಿರ ನಿಂತು ಜೇಬಿಗೆ ಕೈ ಹಾಕಿದರು. "ಎಷ್ಟಾಯ್ತು ಹೇಳಮ್ಮ."

"ಅಯ್ಯೋ, ಏನೂ ಬೇಡ ಅಂಕಲ್" ಅಂದುಬಿಟ್ಟೆ.

ಅವರು ಬಹಳ ಹೊತ್ತು ಬಲವಂತ ಮಾಡಿ, ಕೊನೆಗೆ ಅಂಗಡಿಗೆ ಹೋಗಿ ಆರು ಖಾರ ಬನ್ ಕೊಟ್ಟು ಕಳಿಸಿದರು. ಅಮ್ಮ ಕಿಟಕಿ ಪಕ್ಕ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಕನ್ನಡಕದ ಮೇಲಿನಿಂದ ನೋಡುತ್ತಾ, "ಎಷ್ಟು ಗಂಟೆ ಕೂತಿದ್ದೆ?" ಅಂದಳು. "ಹದಿನಾಲ್ಕು." "ಆರು ಬನ್ನಿಗೆ ಎಷ್ಟು?" ನಾನು ಒಳಗೆ ಹೋದೆ. ಹಿಂದಿನಿಂದ "ಭಾಗಿಸೇ ಬಿಕಾಂ" ಅಂದದ್ದು ಕೇಳಿಸಿತು.

ಅವತ್ತಿನಿಂದ ನನಗೆ ಹೆಚ್ಚು ಕಾಡಿರೋದು ಇದೇ. ಅಮ್ಮನ ಗಂಟೆಗೆ ಬೆಲೆ ಕಟ್ಟಲು ನನಗೆ ಒಂದು ರಾತ್ರಿ ಸಾಕಾಯಿತು. ನನ್ನ ಗಂಟೆಗೆ ಕಟ್ಟಲು ಬಾಯಿ ಬರಲಿಲ್ಲ. ಪೀಣ್ಯದಲ್ಲಿ ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳುವ ಸಂಬಳವನ್ನ ನಾನು ಯಾವತ್ತೂ ಕೇಳಿ ಪಡೆದಿಲ್ಲ, ಅದು ತಾನಾಗಿ ಬರುತ್ತದೆ. ಎದುರಿಗೆ ನಿಂತವರ ಮುಖ ನೋಡಿ ಒಂದು ಅಂಕಿ ಹೇಳೋದು ಬೇರೆಯೇ ಕಸುಬು. ಅದನ್ನ ಕಾಲೇಜಿನಲ್ಲೂ ಕಲಿಸಲಿಲ್ಲ, ಅಮ್ಮನ ದಿಂಬಿನ ಪಕ್ಕದಲ್ಲೂ ಕಲಿಯಲಿಲ್ಲ. ಆಮೇಲೆ ಬಂದ ಟೀ ಅಂಗಡಿಯವರಿಗೆ "ಸಾವಿರದೈನೂರು" ಅಂದಾಗ ಗಂಟಲು ಕಟ್ಟಿಕೊಂಡಿತ್ತು. ಅವರು "ಸರಿ" ಅಂದುಬಿಟ್ಟರು, ಚೌಕಾಸಿಯನ್ನೂ ಮಾಡಲಿಲ್ಲ. ಹಾಗಾದರೆ ಕಡಿಮೆ ಹೇಳಿದೆನಾ ಅಂತ ಎರಡು ದಿನ ನಿದ್ದೆ ಇಲ್ಲ. ಈಗ ನಾಲ್ಕು ಅಂಗಡಿಗಳ ಲೆಕ್ಕ ಬರೆಯುತ್ತೇನೆ, ತಿಂಗಳಿಗೆ ಒಬ್ಬೊಬ್ಬರಿಂದ ಸಾವಿರ. ಬಿಕಾಂ ಆದವರು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಳ್ಳಬಹುದು, ಅದರ ಪರೀಕ್ಷೆಯನ್ನೂ ಪಾಸು ಮಾಡಬೇಕು, ಅದಕ್ಕೆ ಓದುತ್ತಿದ್ದೇನೆ. ಓದುತ್ತಿದ್ದೇನೆ ಅಂದರೆ ಪುಸ್ತಕ ತಂದಿದ್ದೇನೆ.

ಅಮ್ಮನದು ಒಂದು ಉದ್ದನೆಯ ನೋಟ್‌ಬುಕ್ ಇದೆ. ಸೀರೆ, ಹೆಸರು, ಗಂಟೆ, ರೂಪಾಯಿ, ಹೀಗೆ ಗೆರೆ ಹಾಕಿಕೊಟ್ಟವಳು ನಾನು. ಕೊನೆಯಲ್ಲಿ ಅವಳೇ ಒಂದು ಗೆರೆ ಸೇರಿಸಿಕೊಂಡಿದ್ದಾಳೆ, ತಲೆಬರಹ "ಸುಮ್ನೆ". ದುಡ್ಡು ತಗೊಳ್ಳದೆ ಮಾಡಿಕೊಟ್ಟದ್ದೆಲ್ಲ ಅಲ್ಲಿಗೆ ಹೋಗುತ್ತದೆ. ಮೊದಲು ಏಳು ಸೀರೆ ತಂದುಕೊಟ್ಟ ಆ ಆಂಟಿಯ ಮೊಮ್ಮಗಳ ಲಂಗದ ಕುಚ್ಚು ಅಲ್ಲಿದೆ, ಮೂರು ಗಂಟೆ. ನನ್ನ ಹದಿನಾಲ್ಕು ಗಂಟೆಯನ್ನೂ ಅಲ್ಲೇ ಬರೆಸಿದಳು. ಪಕ್ಕದಲ್ಲಿ "ಖಾರ ಬನ್ 6" ಅಂತ ಅವಳದೇ ಅಕ್ಷರ.

ಗೃಹಪ್ರವೇಶದ ಹುಡುಗಿಯ ನಂಬರನ್ನ ಅತ್ತಿಗೆಯಿಂದ ಇಸಿದುಕೊಂಡೆ. ನಿನ್ನೆ ಮೆಸೇಜ್ ಹಾಕಿದೆ: ಟ್ಯಾಲಿ ಆಮೇಲೆ ನೋಡೋಣ, ಭಾನುವಾರ ಒಂದು ಹಳೆ ಸೀರೆಯನ್ನೂ ಕಾಸ್ಟಿಂಗ್ ಪುಸ್ತಕವನ್ನೂ ತಗೊಂಡು ಮನೆಗೆ ಬಾ, ನಮ್ಮಮ್ಮ ಇರುತ್ತಾರೆ. ಐದೇ ನಿಮಿಷಕ್ಕೆ ಉತ್ತರ ಬಂತು. "ಬರ್ತೀನಿ ಅಕ್ಕ. ಫೀಸ್ ಎಷ್ಟು?"

ನಾನು ಓದಿದ್ದು ಅವಳಿಗೆ ಗೊತ್ತಾಗಿರುತ್ತದೆ, ನೀಲಿ ಗೆರೆ ಬಿದ್ದಾಗಿದೆ. ಇನ್ನೂ ಉತ್ತರ ಹಾಕಿಲ್ಲ.